ಹೆಚ್ಚು ಓದಿದ ಮೇಷ್ಟರು

ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಗಾಳಿ ಆಂಜನೇಯಸ್ವಾಮಿಯ ದೇವಾಲಯವನ್ನು ಬಲ್ಲವರಿಗೆ ಬಾಪೂಜಿ ನಗರದ ದಾರಿಯನ್ನು ಬೇರೆಯಾಗಿ ಹೇಳಬೇಕಾದದ್ದಿಲ್ಲ. ಒಂದು ಕಾಲಕ್ಕೆ ನದಿಯೆನಿಸಿ ಈಗ ಊರಿನ ಕೊಳೆಯನ್ನೆಲ್ಲ ಹೊತ್ತು ಹರಿಯುವ ವೃಷಭಾವತಿಗೂ ವಿಜಯನಗರದ ಬೀದಿಗಳಿಗೂ ನಡುವೆ ಒತ್ತೊತ್ತಾಗಿ ಬೆಳೆದ ಈ ಬಡಾವಣೆಯ ಅಡ್ಡರಸ್ತೆಗಳಲ್ಲಿ, ಕೆಳಗೆ ಅಂಗಡಿ ಮೇಲೆ ಮನೆ ಎಂಬ ಕ್ರಮದ ಕಟ್ಟಡಗಳ ನಡುನಡುವೆ, ಮಹಡಿಯ ಮೇಲೆ ಮಹಡಿಯನ್ನೇರಿಸಿಕೊಂಡು ಮನೆಯೇ ಶಾಲೆಯಾಗಿ ಪರಿಣಮಿಸಿದ ಖಾಸಗಿ ವಿದ್ಯಾಸಂಸ್ಥೆಗಳು ಕಾಣಸಿಗುತ್ತವೆ. ಇಲ್ಲಿಗೆ ಸಮೀಪದ ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದಿಂದ ಕೆಂಗೇರಿಯ ಕಡೆಗೆ ಹೊರಟವರಿಗೆ ನಾಲ್ಕನೆಯ ನಿಲ್ದಾಣವೇ ಜ್ಞಾನಭಾರತಿ. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾಲಯದ, ಸಾವಿರ ಎಕರೆಗೂ ಮಿಕ್ಕ ವಿಸ್ತಾರವುಳ್ಳ ಆವರಣವು ಅಲ್ಲಿಯೇ ಇದೆ. ಆ ಆವರಣದ ಮರಗಳ ನೆರಳಿನಲ್ಲಿ ಐದಾರು ವರ್ಷ ಕಳೆದು, ಶಾಸನಗಳನ್ನೋ ಸಸ್ಯಕೋಶಗಳನ್ನೋ ಸಂಖ್ಯಾಸಿದ್ಧಾಂತವನ್ನೋ ಅಭ್ಯಸಿಸಿ, ಪ್ರೌಢಪ್ರಬಂಧವನ್ನು ಬರೆದು ಡಾಕ್ಟರೇಟ್ ಪಡೆದವರು, ಪದವಿಪತ್ರವನ್ನು ಕವರಿನೊಳಗಿಟ್ಟುಕೊಂಡು ಅದೇ ರೈಲಿನಲ್ಲಿ ಹಿಂದಿರುಗಿ, ಇಂಥ ಅಡ್ಡರಸ್ತೆಯ ಶಾಲೆಯೊಂದರಲ್ಲಿ ಐದನೆಯ ತರಗತಿಯ ಕಾಗುಣಿತವನ್ನು ತಿದ್ದುವ ಕೆಲಸಕ್ಕೆ ಸೇರುವುದು ಈಗ ಯಾರಿಗೂ ಆಶ್ಚರ್ಯವನ್ನುಂಟುಮಾಡುವ ಸಂಗತಿಯಾಗಿ ಉಳಿದಿಲ್ಲ.

ಅಂಥವರಲ್ಲೊಬ್ಬರನ್ನು, ಯಾರ ಹೆಸರನ್ನೂ ಹಿಡಿಯದೆ, ಅನೇಕರ ಲಕ್ಷಣಗಳನ್ನು ಒಂದುಗೂಡಿಸಿ, ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳೋಣ. ಆಕೆ ಕನ್ನಡದಲ್ಲಿ ಎಂ.ಎ., ಬಿ.ಎಡ್.; ಮೇಲೆ ಪಿಎಚ್.ಡಿ. ಬೆಳಗ್ಗೆ ಎಂಟಕ್ಕೆ ಶಾಲೆಯ ಪ್ರಾರ್ಥನೆ; ಆಮೇಲೆ ಐದನೆಯ, ಆರನೆಯ, ಏಳನೆಯ ತರಗತಿಗಳಿಗೆ ‘ಸೆಕೆಂಡ್ ಲ್ಯಾಂಗ್ವೇಜ್’ ಎಂಬ ಹೆಸರಿನಲ್ಲಿ ಕನ್ನಡ; ಯಾರಾದರೂ ರಜೆ ಹಾಕಿದರೆ ಅವರ ತರಗತಿಯಲ್ಲಿ ‘ಸಬ್‌ಸ್ಟಿಟ್ಯೂಶನ್’; ನಡುವೆ ಬಿಡುವು ದೊರೆತರೆ ‘ಕರೆಕ್ಷನ್’; ಅದೂ ಮುಗಿದರೆ ‘ಲೆಸನ್ ಪ್ಲಾನ್’ ಪುಸ್ತಕವನ್ನು ತುಂಬಿ ಮುಖ್ಯೋಪಾಧ್ಯಾಯರ ಸಹಿಗೆ ಇಡುವುದು. ಅಧ್ಯಾಪಕರ ಕೊಠಡಿಯಲ್ಲಿ ಒಂದು ಉದ್ದನೆಯ ಮೇಜು, ಅದರ ಸುತ್ತ ಹತ್ತು ಜನ. ಮಾತಿಗೇನೂ ಕೊರತೆಯಿಲ್ಲ. ಬಸ್ಸು, ಬಾಡಿಗೆ, ಮಕ್ಕಳ ಜ್ವರ, ಮುಂದಿನ ವಾರದ ಯೂನಿಟ್ ಟೆಸ್ಟ್, ಪೋಷಕರೊಬ್ಬರ ಕೂಗಾಟ, ಇವೆಲ್ಲವೂ ಅಲ್ಲಿ ಸಾಂಗವಾಗಿ ಚರ್ಚಿಸಲ್ಪಡುತ್ತವೆ. ಆದರೆ ಆಕೆ ತನ್ನ ಪ್ರಾಯದ ಅತ್ಯುತ್ತಮ ವರ್ಷಗಳನ್ನು ಯಾವ ವಿಷಯಕ್ಕೆ ಮುಡಿಪಾಗಿಟ್ಟಳೋ ಆ ವಿಷಯದ ಒಂದು ಮಾತೂ ಆ ಮೇಜಿನ ಮೇಲೆ ಎಂದೂ ಬಂದಿಲ್ಲ, ಬರುವ ಸೂಚನೆಯೂ ಇಲ್ಲ. “ಇಷ್ಟು ಓದಿ ಇಲ್ಲೇಕೆ ಬಂದ್ರಿ ಮಿಸ್?” ಎಂಬ ಪ್ರಶ್ನೆಯನ್ನು ಮಾತ್ರ ಆಕೆ ಬಂದ ವಾರದಲ್ಲಿಯೇ ಕೇಳಿದ್ದಾಳೆ. ಅನುಕಂಪದಿಂದ ಹುಟ್ಟಿತೆಂಬಂತೆ ತೋರಿದರೂ ಆ ಪ್ರಶ್ನೆಯೊಳಗೆ ಸ್ವಲ್ಪ ಸಂಶಯವೂ ಇತ್ತೆಂಬುದು ಆಕೆಗೆ ತಿಳಿಯದೆ ಹೋಗಲಿಲ್ಲ.

ಸಂಶಯಕ್ಕೆ ಕಾರಣಗಳುಂಟು, ಅವು ಕೇವಲ ಅಸೂಯೆಯಿಂದ ಹುಟ್ಟಿದವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇಷ್ಟು ಓದಿದವರು ವರ್ಷದ ನಡುವೆ ಬೇರೆಡೆ ಕೆಲಸ ಸಿಕ್ಕಿತೆಂದು ಹೊರಟುಹೋದರೆ ಪರೀಕ್ಷೆಯ ಹೊತ್ತಿಗೆ ಪಾಠ ಮಾಡುವವರು ಯಾರು ಎಂಬುದು ಆಡಳಿತದವರ ಭಯ. ಇವರ ಪಕ್ಕದಲ್ಲಿ ನಿಂತರೆ ತಮ್ಮ ಹದಿನೈದು ವರ್ಷದ ಅನುಭವವು ಚಿಕ್ಕದಾಗಿ ಕಂಡೀತೇ ಎಂಬುದು ಸಹೋದ್ಯೋಗಿಗಳ ಅಳುಕು. ಆದ್ದರಿಂದ “ನಿಮಗೇನು ಬಿಡಿ, ನೀವು ಡಾಕ್ಟ್ರು” ಎಂಬ ಮಾತು ನಗೆಯೊಡನೆ ಬರುತ್ತದೆ. ಆ ನಗೆಗೆ ಉತ್ತರವಾಗಿ ಆಕೆಯೂ ನಗುತ್ತಾಳೆ. ಕ್ರಮೇಣ ವೇಳಾಪಟ್ಟಿಯಲ್ಲಿ ತನ್ನ ಹೆಸರಿನ ಹಿಂದೆ ‘ಡಾ.’ ಎಂಬ ಅಕ್ಷರವನ್ನು ಬರೆಯುವುದು ಬೇಡವೆಂದು ತಾನೇ ಗುಮಾಸ್ತರಿಗೆ ಹೇಳಿಬಿಡುತ್ತಾಳೆ. ಗಳಿಸಿದ ವಿದ್ಯೆಯನ್ನು ಬಚ್ಚಿಡಬೇಕಾಗಿ ಬಂದ ಈ ಗಳಿಗೆಯಿಂದಲೇ ನಿಜವಾದ ಒಂಟಿತನವು ಪ್ರಾರಂಭವಾಗುತ್ತದೆಂದು ನನ್ನ ಅಭಿಪ್ರಾಯ. ಇದನ್ನು ಜನರು ಸಾಮಾನ್ಯವಾಗಿ ಸಂಬಳದ ದುಃಖದೊಡನೆ ಕಲಸಿಬಿಡುತ್ತಾರೆ. ಎರಡೂ ಒಂದೇ ಮನೆಯಲ್ಲಿ ವಾಸಮಾಡುತ್ತವೆಂಬುದು ದಿಟವಾದರೂ ಎರಡರ ಹುಟ್ಟೂ ಬೇರೆ, ಮದ್ದೂ ಬೇರೆ.

ಮೊದಲು ಸಂಬಳದ ಮತ್ತು ಹುದ್ದೆಯ ಮಾತನ್ನು ಮುಗಿಸೋಣ. ಎತ್ತರದ ಪದವಿಯನ್ನು ಪಡೆದವರಿಗೆ ಸಹಜವಾದ ಸ್ಥಾನ ಕಾಲೇಜು. ಆದರೆ ಕರ್ನಾಟಕದ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ವಹಿಸಿರುವವರು ಹತ್ತು ಸಾವಿರಕ್ಕೂ ಹೆಚ್ಚಿನ ಸಂಖ್ಯೆಯ ‘ಅತಿಥಿ ಉಪನ್ಯಾಸಕರು’. ಹತ್ತು ಹದಿನೈದು ವರ್ಷಗಳಿಂದ ಅದೇ ಕಾಲೇಜಿನಲ್ಲಿದ್ದು ಇನ್ನೂ ಅತಿಥಿಗಳಾಗಿಯೇ ಉಳಿದವರು ಅವರಲ್ಲಿ ಅನೇಕರಿದ್ದಾರೆ. ಅತಿಥಿಸತ್ಕಾರದ ಇತಿಹಾಸದಲ್ಲಿ ಇಂಥ ದೀರ್ಘಾವಧಿಯ ಆತಿಥ್ಯಕ್ಕೆ ಇನ್ನೊಂದು ನಿದರ್ಶನ ಸಿಗಲಾರದು. 2021ರ ಡಿಸೆಂಬರಿನಲ್ಲಿ ಅವರು ತರಗತಿಗಳನ್ನು ಬಹಿಷ್ಕರಿಸಿ ಬೀದಿಗಿಳಿದಾಗ, ಯು.ಜಿ.ಸಿ. ನಿಗದಿಪಡಿಸಿದ ಅರ್ಹತೆಯೆಲ್ಲ ಇದ್ದವರಿಗೂ ದೊರೆಯುತ್ತಿದ್ದ ಮಾಸಿಕ ಗೌರವಧನ 13,000 ರೂಪಾಯಿ ಮಾತ್ರ. ಮರುತಿಂಗಳು ಸರ್ಕಾರವು ಐದು ವರ್ಷಕ್ಕೂ ಹೆಚ್ಚಿನ ಸೇವೆಯುಳ್ಳ ಅರ್ಹರಿಗೆ ಅದನ್ನು 32,000ಕ್ಕೆ ಏರಿಸಿತು. ಆದರೆ ಅದರೊಡನೆಯೇ ವಾರದ ಬೋಧನೆಯನ್ನು ಹದಿನೈದು ಗಂಟೆಗೆ ಹೆಚ್ಚಿಸಿದ್ದರಿಂದ, ಇಬ್ಬರು ಹಂಚಿಕೊಳ್ಳುತ್ತಿದ್ದ ಕೆಲಸ ಒಬ್ಬರ ಪಾಲಿಗೆ ಹೋಗಿ, ಇನ್ನೊಬ್ಬರಿಗೆ ಬಾಗಿಲು ಮುಚ್ಚಿತು. ಹಾಗೆ ಹೊರಗುಳಿದವರು ಮತ್ತೆಲ್ಲಿಗೆ ಹೋಗಬೇಕು? ಖಾಯಂ ನೇಮಕಾತಿಯೋ, 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗಳಿಗೆ 2022ರ ಮಾರ್ಚಿನಲ್ಲಿ ಪರೀಕ್ಷೆ ನಡೆದು, ಪ್ರಶ್ನಪತ್ರಿಕೆ ಹೊರಬಿದ್ದ ಆರೋಪದ ಗದ್ದಲದಲ್ಲಿ ಸಿಕ್ಕಿಕೊಂಡಿತು. 2023ರ ಕೊನೆಯಲ್ಲಿ ಸೇವೆಯ ಖಾಯಮಾತಿಗಾಗಿ ಅತಿಥಿಗಳು ಮತ್ತೊಮ್ಮೆ ಮುಷ್ಕರ ಹೂಡಿದರು.

ಇದಕ್ಕೆ ಮೇಲೊಂದು ವಿಡಂಬನೆಯನ್ನು ನಿಯಮಾವಳಿಗಳು ತಾವೇ ಸೃಷ್ಟಿಸಿದವು. ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವೆಂದು ಯು.ಜಿ.ಸಿ. 2018ರಲ್ಲಿ ವಿಧಿಸಿತು, ಅದನ್ನು ನಂಬಿ ಎಷ್ಟೋ ಜನ ಸಂಸಾರದ ಕಷ್ಟವನ್ನೂ ವಯಸ್ಸಿನ ಏರಿಕೆಯನ್ನೂ ಲೆಕ್ಕಿಸದೆ ಸಂಶೋಧನೆಗೆ ಸೇರಿಕೊಂಡರು, ಜಾರಿಯ ದಿನವನ್ನು ಒಮ್ಮೆ ಮುಂದೂಡಿದ ಬಳಿಕ 2023ರ ಜುಲೈನಲ್ಲಿ, ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಸೆಟ್ ತೇರ್ಗಡೆಯಾದರೆ ಸಾಕು, ಪಿಎಚ್.ಡಿ. ಐಚ್ಛಿಕ, ಎಂದು ಅದೇ ಸಂಸ್ಥೆ ಸಾರಿತು. ಓದನ್ನು ಅರ್ಧದಲ್ಲಿ ಬಿಡಲಾರದೆ ಮುಗಿಸಿದವರು ಈಗ ವಿಶ್ವವಿದ್ಯಾಲಯಕ್ಕೆ ಅನಿವಾರ್ಯರೂ ಅಲ್ಲ, ಶಾಲೆಗೆ ಸರಿಹೊಂದುವವರೂ ಅಲ್ಲ.

ಸರ್ಕಾರಿ ಶಾಲೆಗಳ ಒಳಗಿರುವವರ ಕಥೆಯು ಇದಕ್ಕಿಂತ ಭಿನ್ನವಾಗಿದ್ದರೂ ಅದರ ನೋವು ಒಂದೇ ಜಾತಿಯದು. ಒಂದರಿಂದ ಏಳನೆಯ ತರಗತಿಯವರೆಗೆ ಬೋಧಿಸಲು ನೇಮಕಗೊಂಡು, ಸೇವೆಯಲ್ಲಿರುತ್ತಲೇ ರಾತ್ರಿಯ ದೀಪದಲ್ಲಿ ಅಂಚೆ ತೆರಪಿನ ಶಿಕ್ಷಣದ ಮೂಲಕ ಬಿ.ಎ., ಎಂ.ಎ., ಬಿ.ಎಡ್. ಮುಗಿಸಿ, ಹಿರಿಯ ತರಗತಿಗಳಿಗೆ ವರ್ಷಾನುಗಟ್ಟಲೆ ಗಣಿತವನ್ನೂ ವಿಜ್ಞಾನವನ್ನೂ ಹೇಳಿಕೊಟ್ಟ ಶಿಕ್ಷಕರನ್ನು, 2017ರ ವೃಂದ ಮತ್ತು ನೇಮಕಾತಿ ನಿಯಮಗಳು ಒಂದರಿಂದ ಐದನೆಯ ತರಗತಿಯ ‘ಪಿಎಸ್‌ಟಿ’, ಎಂದರೆ ಪ್ರಾಥಮಿಕ ಶಾಲಾ ಶಿಕ್ಷಕ, ಎಂದು ಹೆಸರಿಸಿದವು. ಆರರಿಂದ ಎಂಟರ ತರಗತಿಗಳು ‘ಜಿಪಿಟಿ’, ಎಂದರೆ ಪದವೀಧರ ಶಿಕ್ಷಕ, ಎಂಬ ಹೊಸ ವೃಂದಕ್ಕೆ ಮೀಸಲಾದವು. ಪದವಿ ಇದ್ದೂ ಪದವೀಧರರಲ್ಲವೆಂದು ಕರೆಸಿಕೊಳ್ಳುವ ಈ ಸ್ಥಿತಿಗೆ ಶಿಕ್ಷಕರು ಇಟ್ಟ ಹೆಸರು ‘ಹಿಂಬಡ್ತಿ’. 2024ರ ಆಗಸ್ಟ್ 12ರಂದು ರಾಜ್ಯದ ನಾನಾ ಕಡೆಗಳಿಂದ ಬಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿದ ಪ್ರಾಥಮಿಕ ಶಾಲಾ ಶಿಕ್ಷಕರ ಮುಖ್ಯ ಅಹವಾಲು ಇದೇ ಆಗಿತ್ತು. ಆ ಬೇಡಿಕೆಯ ಹಿಂದೆ ವೇತನಶ್ರೇಣಿಯ ಲೆಕ್ಕವೂ ಇದ್ದಿತೆಂಬುದರಲ್ಲಿ ಸಂದೇಹವಿಲ್ಲ, ಇರತಕ್ಕದ್ದೇ. ಆದರೆ ಆಟದ ಬಯಲಿನ ಆಚೆಗಿನ ಕೊಠಡಿಯಲ್ಲಿ ತಾವು ನಿನ್ನೆಯವರೆಗೆ ನಡೆಸಿದ ಪಾಠವನ್ನು ಇಂದು ನಡೆಸುವಂತಿಲ್ಲವೆಂಬ ಸಂಕಟವು ಲೆಕ್ಕಕ್ಕೆ ಬರುವಂಥದಲ್ಲ.

ಅರ್ಹತೆಯ ಆಧಿಕ್ಯವು ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಪದವೀಧರರಾಗಿರಕೂಡದೆಂಬ ಷರತ್ತಿದ್ದ ಬ್ಯಾಂಕೊಂದರ ಜವಾನನ ಹುದ್ದೆಗೆ ತನ್ನ ಪದವಿಯನ್ನು ಮರೆಮಾಚಿ ಸೇರಿದ ಒಡಿಶಾದ ತರುಣನೊಬ್ಬನ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರಿನಲ್ಲಿ ಬ್ಯಾಂಕಿನ ಪಕ್ಷವನ್ನೇ ಎತ್ತಿಹಿಡಿಯಿತು. ಉಪಾಧ್ಯಾಯರಿಗೆ ಹೆಚ್ಚು ಹತ್ತಿರವಾದದ್ದು 2023ರ ಆಗಸ್ಟ್ 11ರ ತೀರ್ಪು. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು 2018ರಲ್ಲಿ ಪ್ರಾಥಮಿಕ ತರಗತಿಗಳಿಗೂ ಬಿ.ಎಡ್. ಸಾಕೆಂದು ಹೊರಡಿಸಿದ್ದ ಅಧಿಸೂಚನೆಯನ್ನು ಆ ತೀರ್ಪು ಒಪ್ಪಲಿಲ್ಲ. ಎಳೆಯ ಮಕ್ಕಳಿಗೆ ಕಲಿಸುವ ವಿದ್ಯೆಯೇ ಬೇರೆ, ಅದಕ್ಕೆ ಬೇಕಾದ ಶಿಕ್ಷಣ ಡಿಪ್ಲೊಮಾದಲ್ಲಿ ದೊರೆಯುತ್ತದೆ, ಬಿ.ಎಡ್. ಅದರ ಮೇಲಿನ ಮೆಟ್ಟಿಲೆಂದು ಭಾವಿಸಿಕೊಂಡು ಇಲ್ಲಿಗೆ ಸಲ್ಲಿಸಲಾಗದು ಎಂಬುದು ಅದರ ತಾತ್ಪರ್ಯ. ಬಿ.ಎಡ್. ಮಾಡಿ ಕಾಯುತ್ತಿದ್ದ ಲಕ್ಷೋಪಲಕ್ಷ ಮಂದಿಗೆ ಇದು ಕಹಿಯಾಯಿತು; ಆದರೂ ಅದರೊಳಗಿನ ವಿವೇಕವನ್ನು ನಾನು ಅಲ್ಲಗಳೆಯಲಾರೆ. ಆರು ವರ್ಷದ ಮಗುವಿಗೆ ‘ಳ’ಕಾರವೂ ‘ಲ’ಕಾರವೂ ಬೇರೆಯೆಂದು ಕಿವಿಗೆ ನಾಟುವಂತೆ ಮಾಡುವುದು, ಪಂಪನ ಪದ್ಯಕ್ಕೆ ಅನ್ವಯ ಹೇಳುವುದಕ್ಕಿಂತ ಕೆಳಗಿನ ಕೆಲಸವೆಂದು ತಿಳಿದವನಿಗೆ ಎರಡರ ಕಷ್ಟವೂ ಗೊತ್ತಿಲ್ಲ. ಹೆಚ್ಚು ಓದಿದವನು ಕೆಳಗಿನ ತರಗತಿಗೆ ತಾನಾಗಿಯೇ ಹೆಚ್ಚು ಯೋಗ್ಯನಾಗುತ್ತಾನೆಂಬ ನಂಬಿಕೆಗೆ ಅನುಭವದ ಆಧಾರವಿಲ್ಲ.

ಇದಕ್ಕೆ ಜಗತ್ತಿನಲ್ಲಿ ಪ್ರಸಿದ್ಧವಾದ ಒಂದು ಉದಾಹರಣೆಯಿದೆ. ಇಪ್ಪತ್ತನೆಯ ಶತಮಾನದ ತತ್ತ್ವಶಾಸ್ತ್ರದ ದಿಕ್ಕನ್ನು ಬದಲಾಯಿಸಿದ ಗ್ರಂಥದ ಹಸ್ತಪ್ರತಿಯನ್ನು ಮುಗಿಸಿ, ತಂದೆಯಿಂದ ಬಂದ ಅಪಾರ ಆಸ್ತಿಯನ್ನು ಒಡಹುಟ್ಟಿದವರಿಗೆ ಬಿಟ್ಟುಕೊಟ್ಟು, ಲುಡ್ವಿಗ್ ವಿಟ್‌ಗೆನ್‌ಸ್ಟೈನನು 1920ರಲ್ಲಿ ಆಸ್ಟ್ರಿಯದ ಬೆಟ್ಟಸೀಮೆಯ ಟ್ರಾಟನ್‌ಬಾಖ್ ಎಂಬ ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾದನು. ಮಕ್ಕಳನ್ನು ವಿಯೆನ್ನಾ ನಗರಕ್ಕೆ ಕರೆದೊಯ್ದು ಕಟ್ಟಡಗಳನ್ನು ತೋರಿಸುವುದು, ಕಡಮೆ ಬೆಲೆಯ ನಿಘಂಟು ಸಿಗದೆಂದು ಶಾಲೆಗಾಗಿಯೇ ಒಂದು ಪದಕೋಶವನ್ನು ಸಿದ್ಧಗೊಳಿಸುವುದು, ಇಂಥ ಉತ್ಸಾಹಕ್ಕೆ ಆತನಲ್ಲಿ ಬರವಿರಲಿಲ್ಲ. ಆದರೆ ಊರವರು ಆತನಿಗೆ ಅರ್ಥವಾಗಲಿಲ್ಲ, ಆತನು ಊರವರಿಗೆ ಅರ್ಥವಾಗಲಿಲ್ಲ, ಸಹೋದ್ಯೋಗಿಗಳೊಡನೆ ಬೆರೆಯಲಿಲ್ಲ, ಗಣಿತ ಹತ್ತದ ಮಕ್ಕಳ ಮೇಲೆ ಕೈ ಮಾಡುತ್ತಿದ್ದನು. 1926ರಲ್ಲಿ ಓಟರ್‌ಥಾಲ್ ಎಂಬ ಇನ್ನೊಂದು ಹಳ್ಳಿಯಲ್ಲಿ ಹೊಡೆತ ತಿಂದ ಬಾಲಕನೊಬ್ಬನು ತರಗತಿಯಲ್ಲಿಯೇ ಕುಸಿದುಬಿದ್ದ ಮೇಲೆ ಆತನು ಆ ವೃತ್ತಿಯನ್ನೇ ಬಿಟ್ಟುಹೋದನು. ಆತನ ಪದಕೋಶ ಅದೇ ವರ್ಷ ಅಚ್ಚಾಯಿತು. ಬುದ್ಧಿಯ ಎತ್ತರವು ಸಹನೆಯನ್ನು ತಾನಾಗಿ ತಂದುಕೊಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಒಂಟಿಯಾದ ವಿದ್ವಾಂಸನ ಕಹಿಯು ಕೊನೆಗೆ ಯಾರ ಮೇಲೆ ಇಳಿಯುತ್ತದೆಂಬುದನ್ನೂ ಅದು ತೋರಿಸುತ್ತದೆ.

ನಮ್ಮ ನಾಡಿನಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1931ರಲ್ಲಿ ಕನ್ನಡ ಎಂ.ಎ. ಪದವಿಯನ್ನು ಪಡೆದ ಜಿ.ಪಿ. ರಾಜರತ್ನಂ ಅವರಿಗೆ ಕಾಲೇಜಿನ ಹುದ್ದೆ ಒಡನೆಯೇ ಕೈಗೆಟುಕಲಿಲ್ಲ. ಆ ದಿನಗಳಲ್ಲಿ ಅವರು ತಂದೆಯವರ ಜೊತೆಯಲ್ಲಿ ಚಿಕ್ಕ ಮಕ್ಕಳ ಶಾಲೆಯಲ್ಲಿ ಮೇಷ್ಟರಾದರು. ಪಠ್ಯದಲ್ಲಿದ್ದ ಪದ್ಯಗಳು ಮಕ್ಕಳ ನಾಲಗೆಗೆ ಹೊರಳುತ್ತಿರಲಿಲ್ಲವೆಂಬುದು ಅವರ ಕಿವಿಗೆ ಬಿತ್ತು. ಬಿದ್ದದ್ದರಿಂದ ತಾವೇ ಬರೆಯತೊಡಗಿದರು. ‘ತುತ್ತೂರಿ’ಯ ಶಿಶುಗೀತೆಗಳು ಹುಟ್ಟಿದ್ದು ಹಾಗೆ. ಕನ್ನಡ ನಾಡಿನಲ್ಲಿ ಅಕ್ಷರ ಕಲಿತ ಮೂರು ತಲೆಮಾರುಗಳ ಮಕ್ಕಳು ಆ ಗೀತೆಗಳನ್ನು ಹಾಡಿಕೊಂಡೇ ಬೆಳೆದರೆಂಬುದನ್ನು ನೆನೆದರೆ, ಒಬ್ಬ ಎಂ.ಎ. ಪದವೀಧರನಿಗೆ ಸಕಾಲದಲ್ಲಿ ಕಾಲೇಜು ದೊರೆಯದೆ ಹೋದದ್ದು ಕನ್ನಡದ ಭಾಗ್ಯವೆಂದು ಹೇಳುವ ಮನಸ್ಸಾಗುತ್ತದೆ. ಹಾಗೆ ಹೇಳಲು ನಾನು ಹಿಂಜರಿಯುತ್ತೇನೆ. ನಿರುದ್ಯೋಗದ ಆ ವರ್ಷಗಳು ರಾಜರತ್ನಂ ಅವರಿಗೆ ಹಿತವಾಗಿದ್ದುವೆಂದು ಅವರ ಜೀವನವನ್ನು ಬಲ್ಲ ಯಾರೂ ಹೇಳಲಾರರು. ಒಬ್ಬರ ಕಷ್ಟದಿಂದ ಲೋಕಕ್ಕೆ ಲಾಭವಾಯಿತೆಂಬ ವಾದವನ್ನು ಆ ಕಷ್ಟವನ್ನು ಉಂಟುಮಾಡಿದವರು ಉಪಯೋಗಿಸಿಕೊಳ್ಳುವ ಅಪಾಯವೂ ಇದೆ. ಇಲ್ಲಿ ಗಮನಿಸತಕ್ಕ ವಿಷಯ ಇನ್ನೊಂದಿದೆ. ವಿಟ್‌ಗೆನ್‌ಸ್ಟೈನನಿಗೂ ರಾಜರತ್ನಂ ಅವರಿಗೂ ತಮ್ಮ ತರಗತಿಯಲ್ಲಿ ಒಂದು ಕೊರತೆ ಕಂಡಿತು, ಇಬ್ಬರೂ ತಮ್ಮ ವಿದ್ಯೆಯನ್ನು ಅದಕ್ಕೆ ಹಚ್ಚಿ ಒಂದೊಂದು ಪುಸ್ತಕವನ್ನು ಮಾಡಿದರು. ಆದರೆ ಒಬ್ಬರಿಗೆ ಸುತ್ತಲೂ ಸಾಹಿತ್ಯದ ಬಳಗವಿತ್ತು, ಮಾಸ್ತಿಯವರಂಥ ಹಿರಿಯರ ಅಕ್ಕರೆಯಿತ್ತು, ಬರೆದದ್ದನ್ನು ಓದಿ ಹೇಳಿದರೆ ಕೇಳುವವರಿದ್ದರು. ಇನ್ನೊಬ್ಬನಿಗೆ ಬೆಟ್ಟದ ಮೇಲಿನ ಹಳ್ಳಿಯಲ್ಲಿ ಅಂಚೆಯವನ ಹಾದಿಯನ್ನು ಕಾಯುವುದೇ ಉಳಿದಿತ್ತು.

ಧಾರವಾಡವನ್ನು ನೆನೆದರೆ ಈ ಮಾತು ಮತ್ತಷ್ಟು ಸ್ಪಷ್ಟವಾಗುತ್ತದೆ. ಅಲ್ಲಿಯ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಶಂಬಾ ಜೋಶಿಯವರಿಗೆ ವಿಶ್ವವಿದ್ಯಾಲಯದ ಪದವಿಯೇ ಇರಲಿಲ್ಲ. ಕಾಗದದ ಲೆಕ್ಕದಲ್ಲಿ ಅವರು ಹೈಸ್ಕೂಲಿಗೆ ಹೆಚ್ಚಾದವರಲ್ಲ, ಕಡಮೆಯಾದವರು. ಆದರೆ ಹೈಸ್ಕೂಲ್ ಮೇಷ್ಟರಾಗಿದ್ದ ಕಾಲದಲ್ಲಿಯೇ ಅವರು ‘ಕಣ್ಮರೆಯಾದ ಕನ್ನಡ’, ‘ಮಹಾರಾಷ್ಟ್ರದ ಮೂಲ’ ಎಂಬ ಪುಸ್ತಕಗಳನ್ನು ಬರೆದು, ಸ್ಥಳನಾಮಗಳ ಆಧಾರದಿಂದ ಕನ್ನಡದ ಪ್ರಾಚೀನ ಸೀಮೆಯನ್ನು ಉತ್ತರದ ಕಡೆಗೆ ಅರಸುತ್ತ ಹೋದರು. ಮಧ್ಯಾಹ್ನ ಮಕ್ಕಳಿಗೆ ವ್ಯಾಕರಣವನ್ನು ಹೇಳಿ ಸಂಜೆ ಇಂಥ ಗಹನವಾದ ಪ್ರಶ್ನೆಗಳನ್ನು ಎತ್ತಿಕೊಂಡು ಕೂರುವ ಮನುಷ್ಯನು ಮೂಕನಾಗಿ ಹೋಗದಿದ್ದುದು ಹೇಗೆ? ಊರಿನಲ್ಲಿ 1890ರಷ್ಟು ಹಿಂದೆಯೇ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವಿತ್ತು. ಅದೇ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಪಾಠ ಹೇಳಿದ್ದ ಬೇಂದ್ರೆಯವರ ಸುತ್ತ 1922ರ ಸುಮಾರಿಗೆ ಕೂಡಿಕೊಂಡ ‘ಗೆಳೆಯರ ಗುಂಪು’ ಇತ್ತು. 1933ರಲ್ಲಿ ಪ್ರಾರಂಭವಾದ ಮನೋಹರ ಗ್ರಂಥಮಾಲೆಯ ಅಟ್ಟವಿತ್ತು. ಪರಸ್ಪರ ಜಗಳಗಳಿಗೇನೂ ಅಲ್ಲಿ ಕೊರತೆಯಿರಲಿಲ್ಲ. ಜಗಳವಾಡುವುದಕ್ಕೂ ವಿಷಯವನ್ನು ಬಲ್ಲ ಇನ್ನೊಬ್ಬನು ಎದುರಿಗೆ ಬೇಕಷ್ಟೆ. ಶಂಬಾ ಅವರಿಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, 1981ರ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಈ ಗೌರವಗಳು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಸಂಜೆಯ ಹೊತ್ತು ಅವರ ಮಾತಿಗೆ ಎದುರುಮಾತು ಸಿಗುತ್ತಿತ್ತು.

ಬೇಂದ್ರೆಯವರ ಸ್ಥಿತಿಯಾದರೂ ಸುಖದ್ದೇನಲ್ಲ. ಸರ್ಕಾರಕ್ಕೆ ವಿರೋಧವಾದ ಪದ್ಯಕ್ಕಾಗಿ ಸೆರೆಮನೆಯನ್ನು ಕಂಡು, ಕೆಲಸವಿಲ್ಲದೆ ಅಲೆದು, ತಮ್ಮ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, 1935ರಲ್ಲಿ, ಎಂ.ಎ. ಮುಗಿಸಿದರೂ ಅವರಿಗೆ ನೆಲೆಯಾದ ಕಾಲೇಜು ದೊರೆತದ್ದು 1944ರಲ್ಲಿ, ಅದೂ ಕನ್ನಡದ ಗಡಿಯ ಸೊಲ್ಲಾಪುರದಲ್ಲಿ. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯಲ್ಲಿ ‘ಕನ್ನಡ ಪಂಡಿತ’ರೆಂಬ ಸ್ಥಾನದಲ್ಲಿದ್ದುಕೊಂಡು ಛಂದಸ್ಸಿನ ಗತಿಯನ್ನು ಕುರಿತು ಅಸಾಧಾರಣವಾದ ವಿಚಾರ ಮಾಡಿದ ಸೇಡಿಯಾಪು ಕೃಷ್ಣಭಟ್ಟರಿಗೆ ಮುಳಿಯ ತಿಮ್ಮಪ್ಪಯ್ಯನವರಂಥ ಹಿರಿಯರ ಸಾಹಚರ್ಯವಿತ್ತು. ಮೈಸೂರಿನಲ್ಲಿ ಎಂ. ಹಿರಿಯಣ್ಣನವರು, ಮುಂದೆ 1932ರಲ್ಲಿ ಭಾರತೀಯ ದರ್ಶನದ ಮೇಲೆ ಜಗನ್ಮಾನ್ಯವಾದ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಲಿದ್ದವರು, ಮಹಾರಾಜಾ ಕಾಲೇಜಿಗೆ ಬರುವ ಮೊದಲು ಓರಿಯೆಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿಯೂ ನಾರ್ಮಲ್ ಶಾಲೆಯಲ್ಲಿ ಉಪಾಧ್ಯಾಯರಾಗಿಯೂ ಇದ್ದರು. ಇವರೆಲ್ಲ ತಮ್ಮ ಹುದ್ದೆಗಿಂತ ದೊಡ್ಡವರು. ಆದರೆ ಹುದ್ದೆಯ ಹೊರಗೆ, ನಡೆದು ಹೋಗಬಹುದಾದಷ್ಟು ದೂರದಲ್ಲಿ, ಅವರ ವಿದ್ಯೆಗೆ ಒಂದು ಜಗಲಿ ಇತ್ತು.

ಬಾಪೂಜಿ ನಗರದ ನಮ್ಮ ಅಧ್ಯಾಪಿಕೆಗೆ ಆ ಜಗಲಿ ಎಲ್ಲಿದೆ? 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಅಲ್ಲಿಂದ ದೂರವೇನೂ ಅಲ್ಲದ ಚಾಮರಾಜಪೇಟೆಯಲ್ಲಿದೆ. ವಿಜಯನಗರಕ್ಕೆ ಸೇರಿದಂತಿರುವ ಹಂಪಿನಗರದಲ್ಲಿ ದೊಡ್ಡ ಸಾರ್ವಜನಿಕ ಗ್ರಂಥಾಲಯವಿದೆ. ಆದರೆ ಗ್ರಂಥಾಲಯದ ಮೇಜುಗಳಲ್ಲಿ ಕಾಣುವವರು ಹೆಚ್ಚಾಗಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ತರುಣತರುಣಿಯರು. ಅವರ ಮೌನವು ಪ್ರಶಂಸನೀಯವೇ ಸರಿ, ಅದರಿಂದ ಸಂಭಾಷಣೆ ಹುಟ್ಟದು. ಸ್ಯಾಟಲೈಟ್ ಬಸ್ ನಿಲ್ದಾಣದ ದಟ್ಟಣೆಯನ್ನು ದಾಟಿ, ಮನೆ ಸೇರಿ, ಅಡಿಗೆ ಮಾಡಿ, ತನ್ನ ಮಕ್ಕಳ ಹೋಂವರ್ಕ್ ಮುಗಿಸಿದ ಮೇಲೆ ಸಂಜೆಯ ಸಭೆಗೆ ಹೋಗಿಬರುವಷ್ಟು ಹೊತ್ತು ಉಳಿಯುವುದು ಯಾರಿಗೆ? ಹಿಂದಿನ ಗೆಳೆಯರ ಗುಂಪುಗಳೆಲ್ಲ ಬಹುಮಟ್ಟಿಗೆ ಗಂಡಸರ ಗುಂಪುಗಳಾಗಿದ್ದುವೆಂಬುದನ್ನೂ, ಅವರು ಸಂಜೆ ಹರಟುತ್ತಿದ್ದಾಗ ಮನೆಯಲ್ಲಿ ಒಲೆ ಹೊತ್ತಿಸುತ್ತಿದ್ದವರು ಬೇರೆಯವರೆಂಬುದನ್ನೂ ನಾವು ಮರೆಯಲಾಗದು. ಇಂದಿನ ಶಾಲೆಗಳಲ್ಲಿ, ಅದರಲ್ಲಿಯೂ ನಗರದ ಖಾಸಗಿ ಶಾಲೆಗಳಲ್ಲಿ, ಬೋಧಿಸುವವರು ಬಹುಪಾಲು ಹೆಂಗಸರು. ಆದ್ದರಿಂದ ಸಂಜೆಯ ಕೂಟವೆಂಬ ಹಳೆಯ ಪರಿಹಾರವನ್ನು ಇವರಿಗೆ ಹೇಳುವುದು ಅರ್ಧ ಪರಿಹಾಸ್ಯವಾದೀತು. ಇವರಿಗೆ ಬೇಕಾದ ಜಗಲಿಯು ಶಾಲೆಯ ಗಂಟೆ ಹೊಡೆಯುವ ವೇಳೆಯೊಳಗೇ ಇರಬೇಕು.

ಶಾಲೆಯ ವ್ಯವಸ್ಥೆಯೋ ಸ್ವಭಾವತಃ ಇದಕ್ಕೆ ಪ್ರತಿಕೂಲವಾಗಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡಾನ್ ಲೋರ್ಟಿ 1975ರಲ್ಲಿ ಪ್ರಕಟಿಸಿದ, ಶಾಲಾ ಉಪಾಧ್ಯಾಯರ ವೃತ್ತಿಯನ್ನು ಕುರಿತ ಗ್ರಂಥದಲ್ಲಿ, ಶಾಲೆಯನ್ನು ಮೊಟ್ಟೆಗಳನ್ನಿಡುವ ತಟ್ಟೆಗೆ ಹೋಲಿಸಿದನು: ಒಂದೊಂದು ಗುಳಿಯಲ್ಲಿ ಒಂದೊಂದು ಮೊಟ್ಟೆ, ಒಂದಕ್ಕೊಂದು ತಾಕದಂತೆ. ತರಗತಿಯ ಬಾಗಿಲು ಮುಚ್ಚಿದೊಡನೆ ಉಪಾಧ್ಯಾಯನು ತನ್ನ ರಾಜ್ಯಕ್ಕೆ ತಾನೇ ಅರಸ, ಆದರೆ ನೆರೆಯ ರಾಜ್ಯದಲ್ಲಿ ಏನು ನಡೆಯುತ್ತಿದೆಯೆಂಬುದು ಆತನಿಗೂ ತಿಳಿಯದು, ಇವನ ರಾಜ್ಯದ ಏಳುಬೀಳು ನೆರೆಯವನಿಗೂ ತಿಳಿಯದು. ವಕೀಲರು ಒಬ್ಬರ ವಾದವನ್ನೊಬ್ಬರು ಕೇಳುತ್ತಾರೆ. ವೈದ್ಯರು ಕಠಿಣವಾದ ರೋಗಿಯ ವಿಷಯವನ್ನು ಕೂಡಿ ಚರ್ಚಿಸುತ್ತಾರೆ. ಮೇಷ್ಟರು ಇನ್ನೊಬ್ಬ ಮೇಷ್ಟರ ಪಾಠವನ್ನು ಪೂರ್ತಿಯಾಗಿ ಕೇಳುವುದು ಬಿ.ಎಡ್. ಅಭ್ಯಾಸಪಾಠದ ದಿನಗಳ ನಂತರ ಇಲ್ಲವೆಂದೇ ಹೇಳಬೇಕು. ಸರ್ಕಾರಿ ಶಾಲೆಗಳವರಿಗೆ ಸಮೂಹ ಮಟ್ಟದ ‘ಸಮಾಲೋಚನಾ ಸಭೆ’ ಎಂಬುದೊಂದುಂಟು. ಅದರ ಉದ್ದೇಶವೂ ಇದೇ ಆಗಿದ್ದಿತು. ಆದರೆ ಸುತ್ತೋಲೆಗಳನ್ನು ಓದಿಹೇಳುವುದು, ವಿದ್ಯಾರ್ಥಿಗಳ ವಿವರವನ್ನು ದಾಖಲಿಸುವ ಸ್ಯಾಟ್ಸ್ ತಂತ್ರಾಂಶದಲ್ಲಿ ಬಾಕಿಯಿರುವ ಮಾಹಿತಿಯನ್ನು ನೆನಪಿಸುವುದು, ಗಣತಿಯ ಕೆಲಸವನ್ನು ಹಂಚುವುದು, ಇಷ್ಟರಲ್ಲಿಯೇ ಹೊತ್ತು ಮುಗಿದುಹೋಗುತ್ತದೆಂಬುದು ಹೋಗಿಬಂದವರ ಮಾತು. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕರು ಮನೆಮನೆ ಸುತ್ತಬೇಕಾಗಿ ದಸರಾ ರಜೆಯನ್ನೇ ವಿಸ್ತರಿಸಲಾಯಿತು. ಖಾಸಗಿ ಶಾಲೆಗಳವರಿಗೆ ಸಮಾಲೋಚನೆಯ ಹೆಸರೂ ಇಲ್ಲ.

ಸಂಬಳವೇ ಸರಿಯಾಗಿಲ್ಲದಿರುವಾಗ ಸಂಭಾಷಣೆಯ ಮಾತೇಕೆ ಎಂದು ಯಾರಾದರೂ ಕೇಳಿಯಾರು. ಕೇಳತಕ್ಕ ಮಾತೇ. ಗೌರವದ ಮಾತನ್ನು ಗೌರವಧನಕ್ಕೆ ಬದಲಿಯಾಗಿ ಕೊಡುವ ಚಾತುರ್ಯವನ್ನು ನಮ್ಮ ವಿದ್ಯಾಸಂಸ್ಥೆಗಳು ಬಹುಕಾಲದಿಂದ ಬಲ್ಲವು. ಸೆಪ್ಟೆಂಬರ್ 5ರಂದು ಹಾರ ಹಾಕಿ, 6ರಂದು ರಜೆಯ ಸಂಬಳವನ್ನು ಕಡಿಯುವ ಆಡಳಿತಗಳು ನಗರದಲ್ಲಿ ವಿರಳವಲ್ಲ. ಆದ್ದರಿಂದ ನ್ಯಾಯವಾದ ವೇತನ, ಹನ್ನೆರಡು ತಿಂಗಳ ಸಂಬಳ, ಲಿಖಿತವಾದ ನೇಮಕಪತ್ರ, ಇವು ಮೊದಲು ಬರಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಈ ಬೇಡಿಕೆಗಳೆಲ್ಲ ನಾಳೆಯೇ ಈಡೇರಿದರೂ, ಆ ಉದ್ದನೆಯ ಮೇಜಿನ ಸುತ್ತ ನಡೆಯುವ ಮಾತು ತಾನಾಗಿ ಬದಲಾಗದು. ಒಳ್ಳೆಯ ಸಂಬಳದ ಪ್ರತಿಷ್ಠಿತ ಶಾಲೆಗಳಲ್ಲಿಯೂ ಇದೇ ನಿಶ್ಶಬ್ದವನ್ನು ಕಂಡವರಿದ್ದಾರೆ. ಸಂಬಳವು ಸರ್ಕಾರ ಮತ್ತು ಆಡಳಿತಗಳ ಕೈಯಲ್ಲಿದೆ. ನಿಶ್ಶಬ್ದವನ್ನು ಮುರಿಯುವುದು ಮುಖ್ಯೋಪಾಧ್ಯಾಯರೊಬ್ಬರ ಕೈಯಲ್ಲಿದೆ, ಅದಕ್ಕೆ ಖಜಾನೆಯ ಮಂಜೂರಾತಿ ಬೇಕಾಗಿಲ್ಲ.

ಹೆಚ್ಚು ಓದಿದವರ ಕಡೆಗೂ ಒಂದು ಮಾತನ್ನು ಹೇಳದೆ ಹೋದರೆ ಪಕ್ಷಪಾತವಾದೀತು. ಡಾಕ್ಟರೇಟು ಒಂದು ಚಿಕ್ಕ ಪ್ರದೇಶದ ಆಳವಾದ ಪರಿಚಯ. ಅದರ ಆಚೆಗೆ ನಾವೆಲ್ಲರೂ ವಿದ್ಯಾರ್ಥಿಗಳೇ. ಪಕ್ಕದಲ್ಲಿ ಕುಳಿತ, ಕೇವಲ ಟಿ.ಸಿ.ಎಚ್. ಎಂಬ ಶಿಕ್ಷಕ ತರಬೇತಿಯನ್ನು ಮಾಡಿಕೊಂಡಿರುವ ಹಿರಿಯ ಅಧ್ಯಾಪಿಕೆಗೆ, ತಮಿಳು, ಉರ್ದು, ತೆಲುಗು, ಬಿಹಾರಿ ಹಿಂದಿ ಇಷ್ಟೂ ಮನೆಮಾತುಗಳಿಂದ ಬಂದ ನಲವತ್ತು ಮಕ್ಕಳಿಗೆ ಮೂರು ತಿಂಗಳಲ್ಲಿ ಕನ್ನಡ ಓದಿಸುವ ಉಪಾಯ ಗೊತ್ತಿರಬಹುದು. ಮೈಸೂರು ರಸ್ತೆಯ ಆಸುಪಾಸಿನ ತರಗತಿಗಳಲ್ಲಿ ಇಂಥ ಮಿಶ್ರಣವೇ ಸಾಮಾನ್ಯ. ಆ ಉಪಾಯವನ್ನು ಯಾವ ವಿಶ್ವವಿದ್ಯಾಲಯವೂ ಬರೆದಿಟ್ಟಿಲ್ಲ. ಅದನ್ನು ಕೇಳಿ ತಿಳಿದು ಬರೆದಿಡಲು ಸಂಶೋಧನೆಯ ಶಿಸ್ತನ್ನು ಕಲಿತವರಿಗಿಂತ ತಕ್ಕವರು ಯಾರು? “ನನ್ನ ವಿಷಯವನ್ನು ಇಲ್ಲಿ ಯಾರೂ ಕೇಳುವುದಿಲ್ಲ” ಎಂದು ನೊಂದುಕೊಳ್ಳುವವರು, ತಾವು ಇತರರ ವಿಷಯವನ್ನು ಎಷ್ಟು ಬಾರಿ ಕೇಳಿದ್ದೇವೆಂದು ಒಮ್ಮೆ ಎಣಿಸಿಕೊಳ್ಳುವುದು ಒಳ್ಳೆಯದು.

ವಿಶ್ವವಿದ್ಯಾಲಯಕ್ಕೂ ಇದರಲ್ಲಿ ಕರ್ತವ್ಯವಿದೆ. ಪದವಿಯನ್ನು ಕೊಟ್ಟ ದಿನದಿಂದ ಸಂಶೋಧಕನ ಗ್ರಂಥಾಲಯದ ಕಾರ್ಡು ನಿಷ್ಪ್ರಯೋಜಕವಾಗುವುದು, ವಿಭಾಗದ ವಿಚಾರಸಂಕಿರಣಗಳ ಆಹ್ವಾನ ನಿಂತುಹೋಗುವುದು, ತಾಯಿಯಾದವಳು ಮಗಳ ಹೆಸರನ್ನೇ ಮರೆತಂತಾಗುತ್ತದೆ. ಶಾಲೆಗಳಲ್ಲಿರುವ ಹಳೆಯ ಸಂಶೋಧಕರಿಗೆ ಗ್ರಂಥಾಲಯದ ಪ್ರವೇಶವನ್ನು ಮುಂದುವರಿಸುವುದಕ್ಕೂ, ಶನಿವಾರದ ಮಧ್ಯಾಹ್ನ, ಶಾಲೆ ಬಿಡುವ ವೇಳೆಯನ್ನು ನೋಡಿಕೊಂಡು, ಒಂದು ಉಪನ್ಯಾಸವನ್ನಿಡುವುದಕ್ಕೂ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ.

ಮುಖ್ಯೋಪಾಧ್ಯಾಯರಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು. ನಿಮ್ಮ ಶಾಲೆಯಲ್ಲಿ ಎಂ.ಎ., ಎಂ.ಎಸ್ಸಿ., ಪಿಎಚ್.ಡಿ. ಮಾಡಿಕೊಂಡವರು ಯಾರು ಯಾರು ಇದ್ದಾರೆಂಬುದು ನೇಮಕಾತಿಯ ಕಡತದಲ್ಲಿದೆ. ಅವರು ಏನನ್ನು ಓದಿದರೆಂಬುದು ಅದರಲ್ಲಿ ಇರಲಾರದು. ಅದನ್ನು ಕೇಳಿ. ತಿಂಗಳಿಗೊಂದು ಅವಧಿಯನ್ನು ವೇಳಾಪಟ್ಟಿಯಲ್ಲಿಯೇ ಬರೆದಿಟ್ಟು, ಅದನ್ನು ಸಬ್‌ಸ್ಟಿಟ್ಯೂಶನ್ನಿಗೆ ಕಿತ್ತುಕೊಳ್ಳದೆ, ಶಾಲೆಯ ಅಧ್ಯಾಪಕರಲ್ಲೊಬ್ಬರು ತಮ್ಮ ವಿಷಯವನ್ನು ಉಳಿದವರಿಗೆ ಹೇಳುವಂತೆ ಮಾಡಿ; ಪಿಎಚ್.ಡಿ. ಆದವರೂ ಹೇಳಲಿ, ಟಿ.ಸಿ.ಎಚ್. ಆದವರೂ ಹೇಳಲಿ. ವೇಳಾಪಟ್ಟಿಯಲ್ಲಿ ಪಿಎಚ್.ಡಿ. ಆದವರ ಹೆಸರಿನ ಹಿಂದೆ ‘ಡಾ.’ ಎಂದು ಬರೆಯಿಸುವುದನ್ನು ಮಾತ್ರ ಈ ವಾರವೇ ಮಾಡಬಹುದು.